ಮಿಠಾಯಿ ಸಂಚರಿಸುವ ಪ್ರದೇಶ, ಎಚ್ಚರಿಕೆ

ಗುಂಡ್ಲುಪೇಟೆ
14 ಏಪ್ರಿಲ್ 2025

ಚಿ. ಜಯಲಕ್ಷ್ಮಿಗೆ ತಿರುಮಲನ ಆಶೀರ್ವಾದ.

ನಿನ್ನ ಎಡಗಾಲಿನ ಕಿರುಬೆರಳು ಕತ್ತರಿಸಿದರೆಂದು ನಿನ್ನ ಮಗ ಗುರುಚರಣ ಬರೆದಿದ್ದಾನೆ. ನೀನು ಬರೆದ ಕಾಗದದಲ್ಲಿ 'ಬಾಗಿಲು ತಾಗಿ ಸ್ವಲ್ಪ ಗಾಯ' ಎಂದಿತ್ತು. ಮೂವತ್ತೈದು ವರ್ಷ ಅರಣ್ಯ ಇಲಾಖೆಯ ಅನ್ನ ತಿಂದವನು ನಾನು. ಗಾಯ ನೋಡಿದರೆ ಯಾವ ಪ್ರಾಣಿಯ ಹಲ್ಲು ಎಂದು ಹೇಳಬಲ್ಲೆ. ಬಾಗಿಲು ಬೆರಳು ತಿನ್ನುವುದಿಲ್ಲ ಕಣೇ. ಇದು ಮಿಠಾಯಿಯ ಕೆಲಸ.

ಆನೆ ಓಡಿಸಲು ಹಚ್ಚಿದ ಪಟಾಕಿಗೆ ನನ್ನ ಎರಡು ಕಿವಿಯೂ ಹೋಗಿವೆ, ಫೋನಿನ ಪರದೆಯ ಅಕ್ಷರ ಕಣ್ಣಿಗೆ ಕಾಣದು. ಎದುರು ಕೂತು ಬೈಯುವ ಭಾಗ್ಯವಿಲ್ಲದ್ದರಿಂದ, ಕಾಡಂಚಿನ ಹಳ್ಳಿಗಳಿಗೆ ಹಂಚುತ್ತಿದ್ದ ಸುರಕ್ಷಾ ಸೂಚನೆಯನ್ನೇ ನಿನ್ನ ಚೆನ್ನೈನ ತ್ರಿಪ್ಲಿಕೇನಿಗೆ ಒಗ್ಗಿಸಿ ಬರೆಯುತ್ತಿದ್ದೇನೆ. ನಗಬೇಡ.

ಮೊದಲನೆಯದು ಕಮರ್ಕಟ್. ತೆಂಗು ಬೆಲ್ಲದ ಈ ಕರಿ ಉಂಡೆ ಕರಡಿ ಜಾತಿ. ನೋಡಲು ಮಂದ, ಹಿಡಿದರೆ ದವಡೆ ಬಿಡದು. ಹಲ್ಲು ಕಿತ್ತುಕೊಂಡೇ ಹೋಗುತ್ತದೆ. ಬಿದಿರು ಗಳುವಿಗೆ ಸುತ್ತಿಕೊಂಡು ಬೀದಿಯಲ್ಲಿ ಬರುವ, ಎಳೆದಷ್ಟೂ ಹಿಗ್ಗುವ ಜವ್ವು ಮಿಠಾಯಿ ಹೆಬ್ಬಾವು. ಮಕ್ಕಳ ಕೈಗೆ ಗಡಿಯಾರವಾಗಿ ಸುತ್ತುವಾಗಲೇ ಅದರ ಬುದ್ಧಿ ತಿಳಿಯಬೇಕು. ಒಳಗೆ ಪಾಕ ತುಂಬಿದ ತೇನ್ ಮಿಠಾಯಿ ಸೀಳುನಾಯಿ. ಕೆಂಪಗೆ, ಗುಂಡಗೆ, ಎಂದೂ ಒಂಟಿಯಾಗಿ ಬರುವುದಿಲ್ಲ. ಒಂದನ್ನು ಬಾಯಿಗೆ ಹಾಕಿದೆಯೋ, ಹಿಂದೆ ಹತ್ತು ಇರುತ್ತವೆ, ಕರುಳು ಬಗೆದೇ ಬಿಡುತ್ತವೆ. ಮರೀನಾ ಬೀಚಿನಲ್ಲಿ ಗುಲಾಬಿ ಬಣ್ಣ ಉಬ್ಬಿಸಿಕೊಂಡು ನಿಂತಿರುವ ಪಂಜು ಮಿಠಾಯಿಗೆ, ಅದೇ ನಮ್ಮ ಬೊಂಬಾಯಿ ಮಿಠಾಯಿಗೆ, ಒಳಗೆ ಏನೂ ಇಲ್ಲ, ಬರೀ ಬೆದರಿಕೆ. ಆದರೂ ಹತ್ತಿರ ಹೋಗಬೇಡ.

ಇನ್ನೊಂದು ಮಾತು. ಟೇಬಲ್ಲಿನ ಮೇಲೆ ಒಂಟಿ ಮರಿ ಚಾಕೊಲೇಟು ಅನಾಥವಾಗಿ ಬಿದ್ದಿದ್ದರೆ ಕನಿಕರಪಟ್ಟು ಎತ್ತಿಕೊಳ್ಳಬೇಡ. ತಾಯಿ ಡಬ್ಬಿ ಅಲ್ಲೇ ಎಲ್ಲೋ ಇರುತ್ತದೆ.

ಉಳಿದಿರುವ ಒಂಬತ್ತು ಬೆರಳಿನ ಮೇಲೆ ಆಣೆ.

ನಿನ್ನ ಅಣ್ಣ,
ತಿರುಮಲ


ತ್ರಿಪ್ಲಿಕೇನ್, ಚೆನ್ನೈ
27 ಏಪ್ರಿಲ್ 2025

ಅಣ್ಣನಿಗೆ ಜಯಾ ಮಾಡುವ ನಮಸ್ಕಾರ.

ನಿನ್ನ ಕಾಗದವನ್ನು ನನಗಿಂತ ಮೊದಲು ಒಡೆದು ಓದಿದವಳು ನನ್ನ ಸೊಸೆ ರಂಜನಿ. ಓದಿದಳು, ಬಿದ್ದು ಬಿದ್ದು ನಕ್ಕಳು, ಆಮೇಲೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಈಗ ತಣ್ಣೀರು ಬೇಕೆಂದರೂ ನಾನು ನಿನ್ನ ಕರಡಿ, ಹೆಬ್ಬಾವು ದಾಟಿಕೊಂಡು ಹೋಗಬೇಕು. ಹನ್ನೊಂದು ವರ್ಷದಿಂದ ಈ ಹುಡುಗಿ ನನ್ನ ಹಿಂದೆ ಬಿದ್ದಿದ್ದಾಳೆ. 'ಅತ್ತೆ, ಕಾಲು ತೋರಿಸಿ. ಅತ್ತೆ, ಬಾಯಿ ತೋರಿಸಿ.' ಸಂತೆಯಲ್ಲಿ ಎತ್ತು ಕೊಳ್ಳುವವರೂ ಇಷ್ಟು ಸಲ ಬಾಯಿ ನೋಡುವುದಿಲ್ಲ. ನೀನು ಅವಳ ಕೈಗೆ ಕೋವಿಯನ್ನೇ ಕೊಟ್ಟೆ.

ನಾನು ಸಿಹಿ ಮುಟ್ಟುವುದು ಬಿಟ್ಟು ವರ್ಷಗಳಾದವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಬಾಯಿ ಮುಚ್ಚಿಕೊಂಡಿದ್ದೇನೆ.

ಆದರೂ ತಿಳಿದವನು ತಪ್ಪು ಬರೆಯಬಾರದು. ಕಮರ್ಕಟ್ಟು ಕರಡಿಯಲ್ಲ. ತುಂಬಾ ಸಾಧು. ದವಡೆಯ ಮೂಲೆಗೆ ಒತ್ತಿಟ್ಟುಕೊಂಡರೆ ಇಪ್ಪತ್ತು ನಿಮಿಷ ಅಲ್ಲಾಡದೆ ಕೂತಿರುತ್ತದೆ, ಮಾತಾಡಿಸಲು ಬಂದವರಿಗೂ ತಿಳಿಯುವುದಿಲ್ಲ. ಕೆಳಗಿನ ಸಾಯಿ ಅಂಗಡಿಯದು ಎದುರು ಬೀದಿಯದಕ್ಕಿಂತ ಮೆತ್ತಗೆ. ಹಾಗೆಂದು ಜನ ಹೇಳುವುದನ್ನು ಕೇಳಿದ್ದೇನೆ.

ಕಾಲು ವಾಸಿಯಾಗುತ್ತಿದೆ. ಪಕ್ಕದ ಬೆರಳು ಸ್ವಲ್ಪ ಕಪ್ಪಾಗಿದೆ, ಅದು ಚಪ್ಪಲಿಯ ಬಣ್ಣ.

ಜಯಾ


ಗುಂಡ್ಲುಪೇಟೆ
9 ಮೇ 2025

ಚಿ. ಜಯಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳೇ, ಚಪ್ಪಲಿಯ ಬಣ್ಣ ಬೆರಳಿಗೆ ಹತ್ತುತ್ತದೆಯೇ?

'ಸಾಧು' ಎಂದೆಯಲ್ಲ, ಕೇಳು. ನಾನು ರೇಂಜರ್ ಆದ ಹೊಸತರಲ್ಲಿ ಒಬ್ಬ ಜೇನು ಕೀಳುವವನು ಒಂದು ಕರಡಿಯನ್ನು ದಿನಾ ನೋಡುತ್ತಿದ್ದ. ನನ್ನ ಕರಡಿ ಸಾಧು ಎನ್ನುತ್ತಿದ್ದ. ಒಂದು ಬೆಳಗ್ಗೆ ಅದು ಅವನ ಮುಖವನ್ನು ಹಲಸಿನ ಹಣ್ಣು ಬಿಡಿಸಿದ ಹಾಗೆ ಬಿಡಿಸಿತು. ಒಂದು ಕಣ್ಣು ಕೆನ್ನೆಯ ಮೇಲೆ ಜೋತಾಡುತ್ತಿತ್ತು. ನನ್ನ ಪಂಚೆ ಹರಿದು ಅವನ ಮುಖವನ್ನು ಕಟ್ಟಿ, ಜೀಪಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ಹೋದೆ. ದಾರಿಯಲ್ಲಿ ಅವನು ಮೂಗಿಲ್ಲದ ಮುಖದಿಂದ ನನ್ನನ್ನು ಕೇಳಿದ್ದು, 'ಸ್ವಾಮಿ, ಅದಕ್ಕೇನಾದರೂ ಪೆಟ್ಟಾಯಿತಾ?' ನೀನೂ ಅದೇ ಜಾತಿ.

ಆದ್ದರಿಂದ ಸೂಚನೆಯ ಕಾಲ ಮುಗಿಯಿತು. ಈ ಭಾಗ ರಂಜನಿಗೆ.

ಅಮ್ಮಾ ರಂಜನಿ, ಕಾಡು ಜಾಲಾಡುವ ಹಾಗೆ ಮನೆ ಜಾಲಾಡು. ಮೊದಲು ದೇವರ ಕೋಣೆ. ಕಳ್ಳಬೇಟೆಯವರು ಗುಡಿಯ ಹಿಂದೆ ಅಡಗುವುದು ಹಳೆಯ ಪದ್ಧತಿ. ಆಮೇಲೆ ಅಕ್ಕಿ ಡಬ್ಬಿಯ ತಳ, ದಿಂಬಿನ ಚೀಲ, ಮಡಿ ಸೀರೆಯ ಮಡಿಕೆ. ಸಿಕ್ಕಿದ್ದನ್ನು ಸಿಕ್ಕಲ್ಲೇ ಮುಗಿಸು. ಸಕ್ಕರೆ, ಬೆಲ್ಲ, ಕಲ್ಲುಸಕ್ಕರೆ ಯಾವುದನ್ನೂ ಉಳಿಸಬೇಡ. ಮರಿ ಉಳಿದರೆ ಹಿಂಡು ಮತ್ತೆ ಬೆಳೆಯುತ್ತದೆ.

ಜಯಾ, ನನ್ನನ್ನು ಶಪಿಸು. ಎರಡು ಕಾಲಿನ ಮೇಲೆ ನಿಂತು ಶಪಿಸು, ಅಷ್ಟು ಸಾಕು.

ತಿರುಮಲ


ತ್ರಿಪ್ಲಿಕೇನ್
16 ಜೂನ್ 2025

ಅಣ್ಣಾ,

ನಿನ್ನ ಕಾಡು ಬರಿದಾಯಿತು, ಸಂತೋಷಪಡು. ರಂಜನಿ ಒಂದು ಭಾನುವಾರ ಪೂರ್ತಿ ಮನೆ ಬಗೆದಳು. ರಾಯರ ಪಟದ ಹಿಂದೆ ಆರು ಕಮರ್ಕಟ್ಟು, ದಿಂಬಿನಲ್ಲಿ ಪೆಪ್ಪರ್‌ಮಿಂಟು. ನಾನು ಅಳುತ್ತಾ ನಿಂತಿದ್ದಂತೆ ಅವನ್ನು ಒರಳಲ್ಲಿ ಹಾಕಿ ಕುಟ್ಟಿ ಪುಡಿಮಾಡಿ ಮೋರಿಗೆ ಸುರಿದಳು. ಸಕ್ಕರೆ ಬೆಲ್ಲ ಎಲ್ಲಾ ಮಾಧವರಂನ ಅವಳ ಅಕ್ಕನ ಮನೆಗೆ ಹೋಯಿತು. ದೇವರಿಗೆ ಈಗ ಬರೀ ಹಾಲು ನೈವೇದ್ಯ. ಬೇರೆ ಡಾಕ್ಟರನ್ನೂ ಹಿಡಿದರು, ಒಂಬತ್ತು ದಿನದಿಂದ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುತ್ತಿದ್ದೇನೆ.

ಒಂದು ವಿಷಯ ಬರೆಯಲು ನಾಚಿಕೆಯಾಗುತ್ತದೆ. ಮಧ್ಯಾಹ್ನ ಹನ್ನೊಂದು ಹನ್ನೆರಡರ ಹೊತ್ತಿಗೆ ಮೈಯೆಲ್ಲಾ ಬೆವರುತ್ತದೆ. ಕೈ ನಡುಗುತ್ತದೆ. ಎಲ್ಲಿಂದಲೋ ಸಿಟ್ಟು ಬರುತ್ತದೆ. ಮೊನ್ನೆ ರಂಜನಿ 'ಊಟಕ್ಕೆ ಏಳಿ' ಎಂದಳು, ಅಷ್ಟೇ. ಹಿತ್ತಾಳೆ ಚೊಂಬು ಎತ್ತಿ ಅವಳ ಮುಖಕ್ಕೆ ಎಸೆದೆ. ಹುಬ್ಬು ಸೀಳಿತು, ಮೂರು ಹೊಲಿಗೆ. ರಕ್ತ ಸೀರೆಯ ತನಕ ಇಳಿಯುತ್ತಿದ್ದರೂ ನಾನು ಬೈಯುತ್ತಲೇ ಇದ್ದೆನಂತೆ. ಊಟವಾದ ಮೇಲೆ ನನಗೇ ನಂಬಲಾಗಲಿಲ್ಲ. ಅವಳನ್ನು ಕಂಡರೆ ನನಗಾಗದು, ನಿಜ. ಹೊಡೆಯುವಷ್ಟು ಅಲ್ಲ.

ಇನ್ನೊಂದು ಕೇಳಬೇಕು. ಮೊದಲೆಲ್ಲ ಏಕಾದಶಿಯ ದಿನ ಮಾತ್ರೆ ಬಿಡುತ್ತಿದ್ದೆ, ನುಂಗಲು ನೀರು ಬೇಕಲ್ಲ. ಈ ಶನಿವಾರದ ಏಕಾದಶಿಗೂ ಸೂಜಿ ಬಿಡುತ್ತೇನೆ. ಆದರೆ ಜುಲೈ ಆರಕ್ಕೆ ಪ್ರಥಮೈಕಾದಶಿ, ಮಠದಲ್ಲಿ ಮುದ್ರಾಧಾರಣೆ. ಆವತ್ತು ಹಾಕಿಕೊಳ್ಳಲೇ, ಬಿಡಲೇ? ಡಾಕ್ಟರನ್ನು ಕೇಳಿದರೆ ಉಪವಾಸವೇ ಬೇಡ ಎನ್ನುತ್ತಾರೆ, ಅದಕ್ಕೇ ಕೇಳಿಲ್ಲ. ರಂಜನಿಗೂ ಹೇಳಿಲ್ಲ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಜಯಾ


ಗುಂಡ್ಲುಪೇಟೆ
24 ಜೂನ್ 2025

ಚಿ. ಜಯಾ,

ಬೆವರು, ನಡುಕ, ಸಿಟ್ಟು. ಮಿಠಾಯಿ ಬಿಟ್ಟವರ ಚಟದ ಹಠ ಅದು. ನಿನಗೆ ಆರು ವರ್ಷವಿದ್ದಾಗ ಬತ್ತಾಸು ಕೊಡಲಿಲ್ಲವೆಂದು ನನ್ನ ಮೊಣಕೈ ಕಚ್ಚಿದವಳು ನೀನು. ಅರವತ್ತು ವರ್ಷವಾದರೂ ನಾಟಕ ಬದಲಾಗಿಲ್ಲ. ರಂಜನಿ ಹೆದರಿ ಒಂದು ಚೂರು ಕೊಟ್ಟರೂ ಮುಗಿಯಿತು. ಊರೊಳಗೆ ಬಂದ ಆನೆಗೆ ಒಮ್ಮೆ ಬಾಳೆಹಣ್ಣು ಕೊಟ್ಟರೆ ಅದು ದಿನಾ ಬರುತ್ತದೆ, ಕೊಡದ ದಿನ ಗೋಡೆ ಒಡೆಯುತ್ತದೆ.

ಏಕಾದಶಿಯ ಮಾತು ಸುಲಭ. ಸೂಜಿ ಬಾಯಿಂದ ಹೋಗುವುದಿಲ್ಲ, ನೀರು ಬೇಡುವುದಿಲ್ಲ, ನಾಲಿಗೆಗೆ ರುಚಿಯಿಲ್ಲ. ಆದ್ದರಿಂದ ಆಹಾರವಲ್ಲ, ವ್ರತಕ್ಕೆ ಭಂಗವಿಲ್ಲ. ಧಾರಾಳವಾಗಿ ಹಾಕಿಕೋ. ಕಾಡಿಗೆ ಹೋದವನು ಹಬ್ಬವೆಂದು ಬಂದೂಕು ಮನೆಯಲ್ಲಿಟ್ಟು ಹೋಗುವುದಿಲ್ಲ. ಉಪವಾಸವೂ ನಡೆಯಲಿ, ಸೂಜಿಯೂ ನಡೆಯಲಿ. ಎರಡು ಕಡೆಯಿಂದ ಬಡಿದರೆ ಆ ಮೃಗ ಎಲ್ಲಿಗೆ ಹೋದೀತು?

ನನ್ನ ಪಾಲಿನ ಮುದ್ರೆಯನ್ನೂ ನೀನೇ ಒತ್ತಿಸಿಕೊಂಡು ಬಾ.

ತಿರುಮಲ


ಗುಂಡ್ಲುಪೇಟೆ
13 ಜುಲೈ 2025

ಚಿ. ಜಯಾ,

ಕಾಗದವಿಲ್ಲ. 'ನಾಟಕ' ಎಂದದ್ದಕ್ಕೆ ಕೋಪವೇ? ಗುರುಚರಣ ಪಕ್ಕದ ಮನೆಗೆ ಫೋನ್ ಮಾಡಿ 'ಅಮ್ಮ ಚೆನ್ನಾಗಿದ್ದಾರೆ, ಆಮೇಲೆ ಬರೆಯುತ್ತಾರೆ' ಎಂದನಂತೆ. ಚೆನ್ನಾಗಿರುವವರು ತಾವೇ ಬರೆಯುತ್ತಾರೆ. ಬೇಲಿ ಹಾರಿ ಸಾಯಿ ಅಂಗಡಿಗೆ ನುಗ್ಗಿದ್ದರೆ ಒಪ್ಪಿಕೊಂಡುಬಿಡು, ಬೈಯುವುದಿಲ್ಲ. ಸ್ವಲ್ಪ ಬೈಯುತ್ತೇನೆ.

ಅಣ್ಣ


ತ್ರಿಪ್ಲಿಕೇನ್
19 ಜುಲೈ 2025

ಅಣ್ಣಾ,

ನಿನ್ನೆ ಆಸ್ಪತ್ರೆಯಿಂದ ಬಂದೆ. ಇದರಲ್ಲಿ ಅರ್ಧ ನನಗೆ ನೆನಪಿಲ್ಲ, ರಂಜನಿ ಹೇಳಿದ್ದನ್ನು ಬರೆಯುತ್ತಿದ್ದೇನೆ. ಅವಳು ಏನನ್ನೂ ಸೇರಿಸಿ ಹೇಳುವವಳಲ್ಲ. ಇಷ್ಟು ವರ್ಷ ಅದೇ ನನಗೆ ಅವಳಲ್ಲಿ ಹಿಡಿಸದ ಗುಣ.

ಪ್ರಥಮೈಕಾದಶಿ, ಬೆಳಗ್ಗೆ ಆರಕ್ಕೆ ನೀನು ಹೇಳಿದ ಹಾಗೆ ಸೂಜಿ ಹಾಕಿಕೊಂಡೆ. ಒಂದು ತೊಟ್ಟು ನೀರೂ ಇಲ್ಲ. ಗುರುಚರಣನ ಜತೆ ಮಠದಲ್ಲಿ ಮೂರು ಗಂಟೆ ಸಾಲಿನಲ್ಲಿ ನಿಂತೆ. ಕಾದ ಶಂಖ ಚಕ್ರ ತೋಳಿಗೆ ಒತ್ತಿದಾಗ ನೋವೇ ಆಗಲಿಲ್ಲ, ಆಗಲೇ ಏನೋ ಕೆಟ್ಟಿತ್ತು. ಅವನು ನನ್ನನ್ನು ಮನೆಗೆ ಬಿಟ್ಟು ತಾಂಬರಂಗೆ ಗೆಳೆಯನನ್ನು ನೋಡಲು ಟ್ರೈನ್ ಹತ್ತಿದ.

ರಂಜನಿ ಬಾಗಿಲು ತೆಗೆದಳು. ಯಾರೋ ಹೆಂಗಸು ನನ್ನ ಮನೆಯೊಳಗೆ ಸೇರಿಕೊಂಡಿದ್ದಾಳೆ ಎನ್ನಿಸಿತು. ಇದೊಂದು ನನಗೆ ನೆನಪಿದೆ. 'ಅತ್ತೆ, ಸೀರೆಯೆಲ್ಲಾ ನೆಂದಿದೆ, ಯಾಕೆ ಹೀಗೆ ನೋಡ್ತಿದ್ದೀರಿ?' ಎಂದು ಹತ್ತಿರ ಬಂದಳು. ಲಟ್ಟಣಿಗೆ ಎತ್ತಿಕೊಂಡೆ. ಮೊದಲ ಏಟು ಭುಜಕ್ಕೆ, ಎರಡನೆಯದು ತಲೆಗೆ. ಅವಳು ಗ್ರೈಂಡರಿನ ಮೇಲೆ ಬಿದ್ದಳು. ಬಿದ್ದವಳ ಕೂದಲು ಹಿಡಿದು ನೆಲಕ್ಕೆ ಬಡಿದೆನಂತೆ. ಬಾಯಿಂದ ಮಾತು ಬರುತ್ತಿರಲಿಲ್ಲವಂತೆ, ಬರೀ ಗುರುಗುಟ್ಟುವುದು. ಆಮೇಲೆ ನಾನೂ ಕುಸಿದೆ, ಕೈಕಾಲು ಸೆಟೆದು ಹೊಡೆದುಕೊಳ್ಳತೊಡಗಿದವು.

ಅವಳು ಡಬ್ಬಿಗಳನ್ನೆಲ್ಲಾ ಬೋರಲು ಹಾಕಿದಳು. ಸಕ್ಕರೆ ಇಲ್ಲ. ಬೆಲ್ಲ ಇಲ್ಲ. ದೇವರ ಮುಂದೆ ಒಂದು ಹರಳು ಕಲ್ಲುಸಕ್ಕರೆ ಇಲ್ಲ. ಎಲ್ಲವನ್ನೂ ನಾವೇ ಮುಗಿಸಿದ್ದೆವಲ್ಲ. ತಲೆಯಿಂದ ರಕ್ತ ಸುರಿಸಿಕೊಂಡು ಬರಿಗಾಲಲ್ಲಿ ಎರಡು ಮಹಡಿ ಇಳಿದು ಸಾಯಿ ಅಂಗಡಿಗೆ ಓಡಿದಳು. ಅವನು 'ಎನ್ನಾಚ್ಚು ಅಕ್ಕಾ, ಯಾರು ಅಡಿಚ್ಚಾಂಗ?' ಎಂದು, ಯಾರು ಹೊಡೆದರೆಂದು ಕೂಗುತ್ತಿದ್ದಂತೆ ಗಾಜಿನ ಭರಣಿಯನ್ನು ಕೆಡವಿ ಒಡೆದು, ಚೂರಿನ ನಡುವಿಂದ ತೇನ್ ಮಿಠಾಯಿ ಬಾಚಿಕೊಂಡು ಬಂದಳು. ಆಂಬುಲೆನ್ಸಿಗೆ ಫೋನ್ ಮಾಡಿದವನು ಸಾಯಿ.

ಮೇಲೆ ಬಂದು ನನ್ನ ಎದೆಯ ಮೇಲೆ ಕೂತಳು. ನನ್ನ ಎರಡು ತೋಳಿನ ಮೇಲೆ, ಹಸಿ ಮುದ್ರೆಯ ಮೇಲೆ, ಮೊಣಕಾಲು ಊರಿದಳು. ಮಿಠಾಯಿ ಹಿಸುಕಿ ಒಳಗಿನ ಪಾಕವನ್ನು ಬೆರಳಲ್ಲಿ ತೆಗೆದು ನನ್ನ ಕೆನ್ನೆಯ ಒಳಗೆ ಸವರಿದಳು. ನಾನು ಕಚ್ಚಿದೆ. ತೋರುಬೆರಳು ನನ್ನ ದವಡೆಯಲ್ಲಿ ಸಿಕ್ಕಿತು, ಮೂಳೆ ಮುರಿದ ಸದ್ದು ತನಗೇ ಕೇಳಿಸಿತು ಎಂದಳು. ಅವಳು ಕಿರುಚಿದಳು, ಆದರೆ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಸವರುತ್ತಲೇ ಇದ್ದಳು. ಬಂದವರು ನನ್ನ ದವಡೆ ಬಿಡಿಸಿ ಬೆರಳು ತೆಗೆದರಂತೆ.

ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಅವಳನ್ನೇ ಬೈದರು. ಆಮೇಲೆ ನನ್ನನ್ನು ಬೈದರು. ನನ್ನ ರಕ್ತದಲ್ಲಿ ಸಕ್ಕರೆ ಇಪ್ಪತ್ತೆರಡಕ್ಕೆ ಇಳಿದಿತ್ತಂತೆ. ಜೂನ್ ತಿಂಗಳ ಬೆವರು, ನಡುಕ, ಚೊಂಬು, ಎಲ್ಲವೂ ಅದೇ ಅಂತೆ.

ನೀನು ನಾಟಕ ಎಂದೆ. ಸೂಜಿ ಆಹಾರವಲ್ಲ, ಹಾಕಿಕೋ ಎಂದೆ. ನಿನ್ನ ಮೇಲೆ ಸಿಟ್ಟಿದೆ ಅಣ್ಣಾ, ಬಹಳ ಇದೆ. ಬಲಗಾಲಿನ ಒಂದು ಬೆರಳನ್ನು ಈ ಕಿರುಬೆರಳಿಗಿಂತ ಮೊದಲೇ, ಜನವರಿಯಲ್ಲೇ ತೆಗೆದಿದ್ದರು. ಗುರುಚರಣನ ಬಾಯಿ ಕಟ್ಟಿಸಿ ಅದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ನಾನೂ ಏನೂ ಸಾಚಾ ಅಲ್ಲ.

ರಂಜನಿಯ ತೋರುಬೆರಳಿನ ತುದಿ ಉಳಿಯಲಿಲ್ಲ. ನನ್ನ ಬೆರಳು ತಿಂದದ್ದು ಮಿಠಾಯಿ ಎಂದು ಬರೆದಿದ್ದೆಯಲ್ಲ. ಅವಳ ಬೆರಳು ತಿಂದದ್ದು ನಾನು.

ಜಯಾ


ಗುಂಡ್ಲುಪೇಟೆ
26 ಜುಲೈ 2025

ಜಯಾ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ನಾಲ್ಕು ಸಲ ಬರೆಯಲು ಕೂತು ಎದ್ದೆ.

ನಡುಗುವುದು, ಕಾರಣವಿಲ್ಲದೆ ಎಗರುವುದು. ಹಸಿದು ನರಳುವ ಪ್ರಾಣಿಯ ಲಕ್ಷಣ ಅದು. ಗಾರ್ಡುಗಳಿಗೆ ತರಬೇತಿಯ ಮೊದಲ ದಿನವೇ ಹೇಳಿಕೊಡುತ್ತಿದ್ದೆ. ಕಾಡಿನಲ್ಲಿ ನೂರು ಗಜ ದೂರದಿಂದ ಕಾಣುತ್ತಿದ್ದದ್ದು, ತಂಗಿ ತನ್ನ ಕೈಯಾರೆ ಬರೆದು ಕಳಿಸಿದಾಗ ಕಾಣಲಿಲ್ಲ. ನನಗೆ ನನ್ನ ತಮಾಷೆಯೇ ಮುಖ್ಯವಾಗಿತ್ತು. ಪಕ್ಕದ ಮನೆಯವರಿಗೆ ನನ್ನ ಕಾಗದ ಓದಿ ತೋರಿಸಿ ಆಮೇಲೆ ಅಂಚೆಗೆ ಹಾಕುತ್ತಿದ್ದೆ, ಗೊತ್ತೇ? ಅವರು ನಗುತ್ತಿದ್ದರು.

ಇದನ್ನು ಯಾರಿಗೂ ಹೇಳಿಲ್ಲ. 2003ರಲ್ಲಿ ಇಲ್ಲಿನ ಒಂದು ಹಳ್ಳಿಯ ಸುತ್ತ ಚಿರತೆ ಕಾಟ ಎಂದು ಅರ್ಜಿ ಬಂತು. ತಿಂದದ್ದು ನಾಯಿ, ಮೇಕೆ, ಅಷ್ಟೇ. ಹಿರಿಯ ಗಾರ್ಡು ಬೇಡ ಎಂದ. ನಾನು ಕೇಳಲಿಲ್ಲ. ಐದು ಚಿರತೆ ಹಿಡಿಸಿ ಸಾಗಿಸಿದೆ, ಹಾರ ಹಾಕಿಸಿಕೊಂಡೆ. ತಿನ್ನುವ ಚಿರತೆಯಿಲ್ಲದೆ ಎರಡು ವರ್ಷದಲ್ಲಿ ಕಾಡುಹಂದಿ ಕಂಡಕಂಡಲ್ಲಿ ಬೆಳೆದವು. ನಾಗರತ್ನಮ್ಮ ಎಂಬವಳು ನೆಲಗಡಲೆ ಹೊಲದಲ್ಲಿದ್ದಾಗ ಹಂದಿ ಅವಳ ಹೊಟ್ಟೆ ಸೀಳಿತು. ನಾನು ಹೋದಾಗ ಕರುಳನ್ನು ಸೆರಗಿನಲ್ಲಿ ಒತ್ತಿ ಹಿಡಿದುಕೊಂಡು ಕೂತಿದ್ದಳು, ಜೀವವಿತ್ತು. 'ಬುದ್ಧಿ, ಮಗು ಸ್ಕೂಲಿಂದ ಬರೋ ಹೊತ್ತು' ಎಂದಳು. ವರದಿಯಲ್ಲಿ 'ಆಕಸ್ಮಿಕ' ಎಂದು ಬರೆದವನು ನಾನೇ.

ಅಲ್ಲಿಗೆ ಕಲಿತಿರಬೇಕಿತ್ತು. ಕಲಿಯಲಿಲ್ಲ. ಈಗ ನಿನ್ನ ಮನೆಯನ್ನೂ ಹಾಗೇ ಬರಿದು ಮಾಡಿಸಿದೆ.

ರಂಜನಿಗೆ ನನ್ನ ಮುಖ ತೋರಿಸಲಾರೆ. ಇನ್ನು ಮೇಲೆ ಯಾರಿಗೂ ಬುದ್ಧಿ ಹೇಳಿ ಕಾಗದ ಬರೆಯುವುದಿಲ್ಲ. ನಿನಗೂ. ನೀನು ಬದುಕಿದ್ದೀಯ, ನನಗೆ ಅಷ್ಟು ಸಾಕು.

ತಿರುಮಲ


ತ್ರಿಪ್ಲಿಕೇನ್
3 ಆಗಸ್ಟ್ 2025

ಅಣ್ಣಾ,

ಹೊಡೆದವಳು ನಾನು, ಹೊಡೆಸಿಕೊಂಡವಳು ರಂಜನಿ, ಮೂಲೆ ಸೇರಿ ಅಳುವವನು ನೀನು. ಇದು ಯಾವ ನ್ಯಾಯ? ಬೈಯುವುದಕ್ಕೆ ನನಗೂ ಒಬ್ಬರು ಬೇಕು. ಮೊದಲು ಬರೆ.

ಫ್ರಿಜ್ಜಿನ ಮೇಲಿದ್ದ ನಿನ್ನ ಸೂಚನೆ ತೆಗೆದು ನನ್ನದು ಅಂಟಿಸಿದ್ದೇನೆ. ಡಾಕ್ಟರ ಹತ್ತಿರ ಓದಿಸಿ ಸರಿಯಿದೆ ಅನ್ನಿಸಿಕೊಂಡಿದ್ದು. ನಕಲು ಕಳಿಸುತ್ತಿದ್ದೇನೆ.

'ಈ ಮನೆಯಲ್ಲಿ ಒಂದು ಅಪಾಯಕಾರಿ ಪ್ರಾಣಿ ವಾಸವಾಗಿದೆ. ಹೆಣ್ಣು, ವಯಸ್ಸು ಅರವತ್ತಾರು, ತೂಕ ಎಪ್ಪತ್ತೊಂದು ಕಿಲೋ, ಕಾಲಿಗೆ ಎಂಟು ಬೆರಳು, ಹಲ್ಲು ಗಟ್ಟಿ. ಬೆವರಿದರೆ, ನಡುಗಿದರೆ, ಎದುರಿರುವವರ ಗುರುತು ಹತ್ತದಿದ್ದರೆ ತಡಮಾಡದೆ ಸಕ್ಕರೆ ನೀರು ಕುಡಿಸಿ. ಬೇಡ ಎನ್ನುತ್ತದೆ, ನಂಬಬೇಡಿ. ಏಕಾದಶಿ ಎನ್ನುತ್ತದೆ, ಆಗಲೂ ನಂಬಬೇಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಕೈ ಹಾಕದೆ ಪಕ್ಕಕ್ಕೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ಲಟ್ಟಣಿಗೆ, ಚೊಂಬು ಕೈಗೆ ಸಿಗದಂತೆ ಇಡಿ.'

ನಾಡಿದ್ದು ಏಕಾದಶಿ. ಐವತ್ತು ವರ್ಷದಲ್ಲಿ ಒಂದನ್ನೂ ಬಿಟ್ಟವಳಲ್ಲ. ಮಠದಲ್ಲಿ ಕೇಳಿದೆ, ರೋಗಿಗೆ ನಿಯಮವಿಲ್ಲ ಎಂದರು. ಮೂರು ಹೊತ್ತು ತಿನ್ನುತ್ತೇನೆ. ನಿನ್ನನ್ನು ಕೇಳಿಲ್ಲ, ಗಮನಿಸು.

ರಂಜನಿಯ ಬಲಗೈ ಪೂರ್ತಿ ಕಟ್ಟಿನಲ್ಲಿದೆ, ಎಡಗೈಯಲ್ಲಿ ಗಾಜು ಚುಚ್ಚಿದ ಗಾಯ. ಗುರುಚರಣ ಆಫೀಸಿಗೆ ಹೋದ ಮೇಲೆ ಅವಳಿಗೆ ಊಟ ಮಾಡಿಸುವವಳು ನಾನೇ. ಚಮಚ ಸಾಕು ಎಂದಳು, ನಾನು ಒಪ್ಪಲಿಲ್ಲ. ಮೊದಲ ದಿನ ಸಾರನ್ನ ಕಲಸಿ ತುತ್ತು ಎತ್ತಿದೆ. ಅವಳು ನನ್ನ ಬೆರಳುಗಳನ್ನೇ ನೋಡುತ್ತಾ ಕೂತಳು, ಬಾಯಿ ತೆರೆಯಲಿಲ್ಲ. ಕ್ಷಮಿಸು ಎನ್ನಬೇಕೆಂದು ಹದಿನೈದು ದಿನದಿಂದ ಒದ್ದಾಡುತ್ತಿದ್ದೆ. ಆ ಮಾತು ನನ್ನ ಬಾಯಿಗೆ ಬರುವುದಿಲ್ಲ, ನಿನಗೆ ಗೊತ್ತು. 'ಕಚ್ಚೇ' ಎಂದೆ. 'ಸುಮ್ನಿರಿ ಅತ್ತೆ' ಎಂದಳು. 'ತಮಾಷೆಗಲ್ಲ, ಕಚ್ಚು' ಎಂದೆ.

ಕಚ್ಚಿದಳು ಅಣ್ಣಾ. ಕಣ್ಣಲ್ಲಿ ನೀರು ತುಂಬಿಕೊಂಡು, ಹನ್ನೊಂದು ವರ್ಷದ್ದೆಲ್ಲಾ ಸೇರಿಸಿ, ರಕ್ತ ಬರುವ ಹಾಗೆ ಕಚ್ಚಿದಳು. ನಾನು ಕೈ ತೆಗೆಯಲಿಲ್ಲ.

ಜಯಾ